ಕಾಲಿನ ರಕ್ತನಾಳಗಳೂ ಸಿ.ಟಿ. ಪರೀಕ್ಷೆಯೂ

ಹಿರಿಯರು ಕಾಲುನೋವೆಂದರೆ ಅದನ್ನು ವಯೋಧರ್ಮವೆಂದು ತಳ್ಳಿಹಾಕುವುದು ನಮ್ಮ ಮನೆಗಳಲ್ಲಿ ರೂಢಿಯಾಗಿದೆ. ಎಣ್ಣೆ ತಿಕ್ಕುತ್ತೇವೆ, ಬಿಸಿನೀರಿನ ಶಾಖ ಕೊಡುತ್ತೇವೆ. ಆದರೆ ನೋವಿನಲ್ಲಿಯೂ ಬಗೆಗಳುಂಟು. ಸ್ವಲ್ಪ ದೂರ ನಡೆಯುತ್ತಲೇ ಮೀನಖಂಡ ಹಿಡಿದಂತಾಗಿ, ನಿಂತ ಕೆಲವೇ ನಿಮಿಷಗಳಲ್ಲಿ ಶಮನಗೊಂಡು, ಮತ್ತೆ ಅಷ್ಟೇ ದೂರ ನಡೆದಾಗ ಮರಳಿ ಬರುವ ನೋವು ಬಹುಮಟ್ಟಿಗೆ ರಕ್ತದ ಕೊರತೆಯಿಂದ ಬಂದುದು. ನಾವು ವೈದ್ಯರಲ್ಲವಾದರೂ, ಮನೆಮಂದಿ ತಿಳಿದಿರಬೇಕಾದಷ್ಟನ್ನು ಇಲ್ಲಿ ಅರಿಕೆ ಮಾಡಬಯಸುತ್ತೇವೆ.

ಧಮನಿಗಳ ಒಳಗೋಡೆಗೆ ಕೊಬ್ಬು, ಸುಣ್ಣದಂಶ ಸೇರಿ ದಾರಿ ಕಿರಿದಾಗುವುದೇ ಈ ವ್ಯಾಧಿಯ ಮೂಲ. ತಂಬಾಕು, ಮಧುಮೇಹ, ರಕ್ತದೊತ್ತಡ ಇದರ ಮುಖ್ಯ ಕಾರಣಗಳು. ಕಾಲಿನ ಧಮನಿ ಕೆಟ್ಟವರಲ್ಲಿ ಹೃದಯ, ಮಿದುಳುಗಳ ಧಮನಿಗಳೂ ಕೆಟ್ಟಿರುವ ಸಂಭವ ಹೆಚ್ಚು. ಆದುದರಿಂದ ಇದು ಕಾಲಿನ ಪ್ರಶ್ನೆಯಷ್ಟೇ ಆಗಿರದೆ ಪ್ರಾಣದ ಪ್ರಶ್ನೆಯೂ ಆಗಿದೆ.

ಪರೀಕ್ಷೆಗೊಂದು ಕ್ರಮವಿದೆ. ವೈದ್ಯರು ಮೊದಲು ಪಾದದ ನಾಡಿಯನ್ನು ಬೆರಳಿನಿಂದ ನೋಡುತ್ತಾರೆ. ಬಳಿಕ ಕಾಲಿನ ಹರಡಿನ ಬಳಿಯ ರಕ್ತದೊತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸುತ್ತಾರೆ. ಬಂದ ಸಂಖ್ಯೆ ೦.೯೦ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ನಾಳ ಕಿರಿದಾಗಿದೆಯೆಂದು ಅರ್ಥ. ಮಧುಮೇಹಿಗಳ ನಾಳ ಗಡುಸಾಗಿ ಈ ಸಂಖ್ಯೆ ಹುಸಿಯಾಗಿ ಏರಬಹುದು. ಆಗ ಕಾಲ್ಬೆರಳಿನ ಒತ್ತಡವನ್ನು ಅಳೆಯುತ್ತಾರೆ. ಡಾಪ್ಲರ್ ಪರೀಕ್ಷೆಯೂ ಉಂಟು. ನಾಳವನ್ನು ತೆರೆಯಬೇಕೆಂಬ ಆಲೋಚನೆ ಬಂದಾಗ, ಅಡಚಣೆ ಎಲ್ಲಿ, ಎಷ್ಟು ಉದ್ದ ಎಂದು ತಿಳಿಯಲು ಸಿ.ಟಿ. ಆಂಜಿಯೋಗ್ರಾಂ ನೆರವಾಗುತ್ತದೆ.

ಸಿ.ಟಿ. ಯಂತ್ರವನ್ನು ರೂಪಿಸಿದವರು ಇಂಗ್ಲೆಂಡಿನ ಗಾಡ್‌ಫ್ರೆ ಹೌನ್ಸ್‌ಫೀಲ್ಡ್. ೧೯೭೧ರಲ್ಲಿ ಲಂಡನ್ನಿನಲ್ಲಿ ಅದು ಮೊದಲ ಬಾರಿಗೆ ರೋಗಿಯೊಬ್ಬರ ಮಿದುಳಿನ ಚಿತ್ರ ತೆಗೆಯಿತು. ೧೯೭೯ರಲ್ಲಿ ಅವರಿಗೂ ಅಲನ್ ಕಾರ್ಮಕ್ ಅವರಿಗೂ ನೊಬೆಲ್ ಪ್ರಶಸ್ತಿ ಸಂದಿತು. ಆ ಮೊದಲ ಯಂತ್ರಕ್ಕೆ ತಲೆಯೊಂದೇ ಸಾಕಷ್ಟಾಗಿತ್ತು. ಮಂಚ ಸರಿಯುತ್ತಿರುವಂತೆಯೇ ಕ್ಷ-ಕಿರಣ ಸುತ್ತುವ ಯಂತ್ರಗಳು ಬಂದ ಮೇಲೆ ಹೊಟ್ಟೆಯ ಮಹಾಧಮನಿಯಿಂದ ಪಾದದವರೆಗೆ ಒಂದೇ ಓಟದಲ್ಲಿ ಚಿತ್ರ ತೆಗೆಯುವುದು ಸಾಧ್ಯವಾಯಿತು. ಕೈಯ ಅಭಿಧಮನಿಗೆ ಅಯೋಡಿನ್ ಬೆರೆತ ದ್ರವವನ್ನು ಚುಚ್ಚುತ್ತಾರೆ; ಕ್ಷಣಕಾಲ ಮೈ ಬೆಚ್ಚಗಾಗುತ್ತದೆ. ಆ ದ್ರವವು ಕಾಲಿನ ಧಮನಿಗಳಲ್ಲಿ ಹರಿಯುವಾಗ ಯಂತ್ರವು ಚಿತ್ರ ಸೆರೆಹಿಡಿಯುತ್ತದೆ. ತೊಡೆಸಂದಿನ ಧಮನಿಯನ್ನು ಚುಚ್ಚಿ ಕೊಳವೆ ತೂರಿಸುವ ಹಳೆಯ ಕ್ರಮದ ಕಷ್ಟ ಇದರಲ್ಲಿಲ್ಲ.

ಮಿತಿಗಳೂ ಉಂಟು. ಸುಣ್ಣದಂಶವು ಚಿತ್ರದಲ್ಲಿ ಬೆಳ್ಳಗೆ ಹರಡಿ ಕಾಣುವುದರಿಂದ, ಮೊಣಕಾಲಿನ ಕೆಳಗಿನ ಸಣ್ಣ ನಾಳಗಳಲ್ಲಿ ಅಡಚಣೆ ಇರುವುದಕ್ಕಿಂತ ದೊಡ್ಡದಾಗಿ ತೋರಬಹುದು. ಮೂತ್ರಪಿಂಡ ದುರ್ಬಲವಾದವರಿಗೆ ಆ ದ್ರವ ತೊಂದರೆ ಕೊಡಬಹುದಾದ್ದರಿಂದ ಮೊದಲೇ ರಕ್ತದ ಕ್ರಿಯಾಟಿನಿನ್ ನೋಡಿಸಬೇಕು. ಹಿಂದೆ ಇಂಥ ದ್ರವದಿಂದ ಅಲರ್ಜಿಯಾಗಿದ್ದರೆ, ಥೈರಾಯ್ಡ್ ವ್ಯಾಧಿಯಿದ್ದರೆ, ಮೆಟ್‌ಫಾರ್ಮಿನ್ ಮಾತ್ರೆ ಸೇವಿಸುತ್ತಿದ್ದರೆ ಮುಚ್ಚಿಡದೆ ಹೇಳಬೇಕು.

ಚಿತ್ರವು ದಾರಿ ತೋರಿಸೀತು, ರೋಗವನ್ನು ಗುಣಪಡಿಸದು. ತಂಬಾಕನ್ನು ಬಿಡುವುದು, ವೈದ್ಯರು ಹೇಳಿದಂತೆ ನೋವು ಬರುವವರೆಗೆ ನಡೆದು, ನಿಂತು, ಮತ್ತೆ ನಡೆಯುವುದು, ಔಷಧಿಯನ್ನು ತಪ್ಪದೆ ಸೇವಿಸುವುದು ಅನೇಕರಿಗೆ ನೆರವಾಗುತ್ತವೆ. ಆದರೆ ರಾತ್ರಿ ಮಲಗಿದಾಗಲೂ ಪಾದ ನೋಯುತ್ತಿದ್ದರೆ, ಹುಣ್ಣು ಮಾಯದಿದ್ದರೆ, ಬೆರಳು ಕಪ್ಪಾಗುತ್ತಿದ್ದರೆ ತಡಮಾಡಲಾಗದು. ಕಾಲು ಹಠಾತ್ತನೆ ತಣ್ಣಗಾಗಿ, ಬಿಳಿಚಿ, ಜೋಮು ಹಿಡಿದರೆ ಗಂಟೆಗಳ ಲೆಕ್ಕದಲ್ಲಿ ಕಾಲನ್ನೇ ಕಳೆದುಕೊಳ್ಳಬೇಕಾದೀತು. ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಸ್ಪರ್ಶಜ್ಞಾನ ಕುಂದಿದ ಪಾದಕ್ಕೆ ಬಿಸಿನೀರಿನ ಶಾಖವಂತೂ ಸಲ್ಲದು.

ಹಬ್ಬಹರಿದಿನಗಳಲ್ಲಿ ಹಿರಿಯರ ಪಾದ ಮುಟ್ಟಿ ನಮಸ್ಕರಿಸುವುದು ನಮ್ಮ ಸಂಪ್ರದಾಯ. ಹಾಗೆ ಬಾಗಿದಾಗ ಆ ಪಾದಗಳನ್ನು ಒಮ್ಮೆ ಕಣ್ಣಿಟ್ಟು ನೋಡಿರಿ, ಬೆರಳುಗಳ ಸಂದನ್ನೂ ಬಿಡಿಸಿ ನೋಡಿರಿ. ಅವರು ಹೇಳಿಕೊಳ್ಳದ ಹುಣ್ಣು ಅಲ್ಲಿರಬಹುದು.