ಹದಿನೇಳರ ಪಾನಾ

ಹಾನಗಲ್ಲಿನ ಆ ಮನೆಯ ಪಡಸಾಲೆಯ ಗೋಡೆಗೆ ಒಂದು ಮೊಳೆ, ಮೊಳೆಗೆ ಒಂದು ತಂತಿ, ತಂತಿಯ ತುಂಬ ಪೋಣಿಸಿದ ವಾಷರ್‌ಗಳು. ಕೆಲವು ತಾಮ್ರದವು, ಕೆಲವು ಅಲ್ಯೂಮಿನಿಯಂನವು, ಬಹಳಷ್ಟು ಎಣ್ಣೆ ಕುಡಿದು ಕಪ್ಪಾದವು. ಎಣಿಸುತ್ತ ಹೋದೆ, ಅರವತ್ತರ ಹತ್ತಿರ ಲೆಕ್ಕ ತಪ್ಪಿತು. ಒಂದೊಂದೂ ಒಂದೊಂದು ಕಾರಿನ, ಆಯಿಲ್ ಹೊರಬಿಡುವ ಡ್ರೇನ್ ಬೋಲ್ಟಿನದು. ತಮ್ಮ ಕಾರಿನ ಎಂಜಿನ್ ಆಯಿಲನ್ನು ಮನೆಯಂಗಳದಲ್ಲಿ ತಾವೇ ಬದಲಿಸಿದವರು ಕಾಕಾಗೆ ತಂದೊಪ್ಪಿಸಿದ ಸಾಕ್ಷಿ ಅದು.

ಓಣಿಯವರೆಲ್ಲ ಕಾಕಾ ಎಂದೇ ಕರೆಯುವ ಈ ಹಿರಿಯರು ಸಾರಿಗೆ ಸಂಸ್ಥೆಯ ಡಿಪೊದಲ್ಲಿ ಮೂರೂವರೆ ದಶಕ ಮೆಕ್ಯಾನಿಕ್ ಆಗಿದ್ದವರು. ಹೆಸರು ಬರೆಯಬಾರದು ಎಂಬ ಮಾತಿನ ಮೇಲೆಯೇ ಮಾತಿಗೆ ಕುಳಿತರು. ನಿವೃತ್ತರಾದ ಮೇಲೆ ಅವರು ಗ್ಯಾರೇಜ್ ಹಾಕಲಿಲ್ಲ, ಪಾನಾ (ಸ್ಪ್ಯಾನರ್) ಕಡ ಕೊಡತೊಡಗಿದರು. ಬಾಡಿಗೆ ಇಲ್ಲ, ಎರಡು ಕರಾರು ಮಾತ್ರ. ಒಂದು, ಎಷ್ಟರ ಪಾನಾ ಬೇಕು ಎಂದು ಕೇಳುವವರಿಗೆ ಗೊತ್ತಿರಬೇಕು. ಗೊತ್ತಿಲ್ಲದವರು ಮೊದಲು ಕಾರಿನ ಕೆಳಗೆ ಬಗ್ಗಿ ನೋಡಿ ಬರಬೇಕು. ಎರಡು, ಪಾನಾ ಮರಳಿಸುವಾಗ ಬಿಚ್ಚಿದ ಹಳೇ ವಾಷರನ್ನು ತರಬೇಕು. ಅದು ಬಂದರೆ ಹೊಸದು ಹಾಕಿದ್ದಾರೆ ಎಂದು ಅರ್ಥ. ಕೊಟ್ಟದ್ದು, ಬಂದದ್ದು ಎಲ್ಲ ಒಂದು ಕೆಂಪು ರಟ್ಟಿನ ವಹಿಯಲ್ಲಿ ದಾಖಲಾಗುತ್ತದೆ.

ನಾನು ಅವರ ಬಳಿ ಹೋದದ್ದು ಲೇಖನಕ್ಕಾಗಿ ಅಲ್ಲ. ಶಿಗ್ಗಾವಿಯ ಆಚೆ ಹೆದ್ದಾರಿ ಬದಿಯ ಗ್ಯಾರೇಜೊಂದರಲ್ಲಿ ನನ್ನ ಹಳೇ ಸಣ್ಣ ಕಾರಿನ ಆಯಿಲ್ ಬದಲಿಸಲು ಕೊಟ್ಟಿದ್ದೆ. ಹುಡುಗ ಅವಸರದಲ್ಲಿದ್ದ. ಕೈಗೆ ಸಿಕ್ಕ, ಬಾಯಿ ಹಿಗ್ಗಿಸಿ ಕುಗ್ಗಿಸುವ ಸ್ಕ್ರೂ ಪಾನಾ ಹಚ್ಚಿ ತಿರುವಿದ. ಡ್ರೇನ್ ಬೋಲ್ಟಿನ ಆರೂ ಮೂಲೆ ಸವೆದು ತಲೆ ಗುಂಡಗಾಯಿತು. ಅದನ್ನು ಬಿಚ್ಚುವವರನ್ನು ಹುಡುಕುತ್ತ ಬಂದಾಗ ಯಾರೋ ಹಾನಗಲ್ಲಿನ ಈ ಮನೆ ತೋರಿಸಿದರು. ಕಾಕಾ ಕಾರಿನ ಕೆಳಗೆ ಟಾರ್ಚ್ ಬಿಟ್ಟು ನೋಡಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: “ಮೊದಲ ಪಾನಾ ಕೂಡಬೇಕವಾ, ಆಮ್ಯಾಲೆ ಜೋರ ಹಚ್ಚಬೇಕು. ಆ ಹುಡುಗ ಮೊದಲ ಜೋರ ಹಚ್ಚ್ಯಾನ.”

ಧೋತರದ ತುಂಡಿನಲ್ಲಿ ಸುತ್ತಿಟ್ಟವು

ಅವರ ಪಾನಾಗಳಿರುವುದು ತಗಡಿನ ಟ್ರಂಕಿನಲ್ಲಿ. 8ರಿಂದ 32ರವರೆಗೆ ಒಂದೊಂದನ್ನೂ ಹಳೇ ಧೋತರದ ತುಂಡಿನಲ್ಲಿ ಸುತ್ತಿಟ್ಟಿದ್ದಾರೆ. ಕಾಕಾ ಕಣ್ಣು ಮುಚ್ಚಿ ಟ್ರಂಕಿನೊಳಗೆ ಕೈ ಹಾಕಿ, ಬಟ್ಟೆಯ ಮೇಲಿಂದಲೇ ಸವರಿ ಒಂದನ್ನು ತೆಗೆದರು. 17ರ ರಿಂಗ್ ಪಾನಾ. ಹೆಬ್ಬೆರಳು ಕೂರುವ ಜಾಗದಲ್ಲಿ ಲೇಪ ಹೋಗಿ ಉಕ್ಕು ಕಾಣುತ್ತಿತ್ತು.

ಹಳೇ ಮೈಸೂರಿನವರು ಸ್ಪ್ಯಾನರ್ ಎನ್ನುವುದನ್ನು ನಮ್ಮ ಕಡೆ ಪಾನಾ ಎನ್ನುತ್ತೇವೆ. ಮರಾಠಿಯವರೂ ಹಾಗೇ ಅನ್ನುತ್ತಾರೆ. 1956ರವರೆಗೆ ಈ ಸೀಮೆ ಮುಂಬಯಿ ಸರ್ಕಾರದ ಕೈಯಲ್ಲಿತ್ತು, ಬಸ್ಸುಗಳೂ ಮುಂಬಯಿ ಸಾರಿಗೆ ಸಂಸ್ಥೆಯವು. ಕಾಕಾನ ತಂದೆ ಆ ಬಸ್ಸುಗಳಿಗೆ ಕೆಲಸ ಮಾಡಿದವರು. ಅವರ ಕಾಲದ ನಾಲ್ಕು ಪಾನಾ ಟ್ರಂಕಿನ ತಳದಲ್ಲಿ ಬೇರೆಯೇ ಇವೆ. ಒಂದರ ಮೇಲೆ ಅರ್ಧ ಇಂಚು ಎಂದು ಒತ್ತಿದೆ, ಬಾಯಿ ಮಾತ್ರ ಅದಕ್ಕಿಂತ ಎಷ್ಟೋ ಅಗಲ. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಹಾಕಿಕೊಟ್ಟ ಲೆಕ್ಕ ಅದು. ಅದರಲ್ಲಿ ಪಾನಾದ ಅಂಕಿ ಬೋಲ್ಟಿನ ದಪ್ಪವನ್ನು ಹೇಳುತ್ತದೆ. ಇಂದಿನ ಪಾನಾದ ಅಂಕಿ ಹೇಳುವುದು ಬೋಲ್ಟಿನ ತಲೆಯ ಎದುರುಬದುರು ಬದಿಗಳ ನಡುವಿನ ಅಗಲವನ್ನು, ಅದೂ ಮಿಲಿಮೀಟರಿನಲ್ಲಿ. ಮೆಟ್ರಿಕ್ ಅಳತೆಯ ಕಾನೂನು ಬಂದದ್ದೂ ಅದೇ 1956ರಲ್ಲಿ, ಜಾರಿ ಶುರುವಾದದ್ದು 1958ರ ಅಕ್ಟೋಬರ್‌ನಲ್ಲಿ. ಹೀಗೆ ನಾಡು ಬದಲಾದ ವರ್ಷವೇ ಅಳತೆಯ ಕಾನೂನೂ ಬದಲಾಯಿತು. ತಂದೆಯ ಪಾನಾ ಮಗನ ಕೆಲಸಕ್ಕೆ ಬರಲಿಲ್ಲ. ಆದರೂ ಕಾಕಾ ಅವಕ್ಕೆ ವರ್ಷಕ್ಕೊಮ್ಮೆ, ಆಯುಧಪೂಜೆಯ ಮುನ್ನಾದಿನ, ಎಣ್ಣೆ ಹಚ್ಚುತ್ತಾರೆ.

ಏನು ಕೊಳ್ಳಬೇಕು

“ನಿನ್ನ ಕಾರಿಗೆ ಎಷ್ಟರದು ಬೇಕು ಅನ್ನೂದು ಅಂಗಡ್ಯಾಂವಗ ಗೊತ್ತಿರೂದಿಲ್ಲ, ಕಾರಿಗೆ ಗೊತ್ತಿರ್ತದ” ಎನ್ನುತ್ತಾರೆ ಕಾಕಾ. ಬಹಳಷ್ಟು ಕಾರುಗಳ ಡ್ರೇನ್ ಬೋಲ್ಟ್ 14, 17 ಅಥವಾ 19ರದಾಗಿರುತ್ತದೆ. ಕೆಲವದರಲ್ಲಿ ಹೊರಗೆ ತಲೆಯೇ ಇರದೆ ಒಳಗೆ ಆರು ಮೂಲೆಯ ಗುಣಿ ಇರುತ್ತದೆ, ಅದಕ್ಕೆ ಅಲೆನ್ ಕೀ ಬೇಕು. ನೋಡಿಕೊಂಡು ಬಂದು, ಬೇಕಾದ ಒಂದೇ ಅಳತೆಯದನ್ನು ಒಳ್ಳೆಯದನ್ನೇ ಕೊಳ್ಳಬೇಕು. ನಲವತ್ತು ತುಂಡುಗಳ ಅಗ್ಗದ ಪೆಟ್ಟಿಗೆಗಿಂತ ಸರಿಯಾದ ಒಂದು ಪಾನಾ ಮೇಲು. ಅವರು ಒತ್ತಿ ಒತ್ತಿ ಹೇಳಿದ ಮಾತು ಇದು.

ಅವರ ಪಾಠವನ್ನು ಪರೀಕ್ಷಿಸಲು ಸವಣೂರಿನ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಅಂಗಡಿಯವರು 17ರ ಎರಡು ರಿಂಗ್ ಪಾನಾ ಮುಂದಿಟ್ಟರು. ಎರಡೂ ಹೊಳೆಯುತ್ತಿದ್ದವು. ಕಾಕಾ ಹೇಳಿದಂತೆ ಅಲ್ಲೇ ಇದ್ದ 17ರ ತಲೆಯ ಹೊಸ ಬೋಲ್ಟ್ ಕೇಳಿ ಪಡೆದು ಎರಡನ್ನೂ ಕೂಡಿಸಿ ನೋಡಿದೆ. ಒಂದು ಗಡಗಡ ಅಲುಗಿತು. ಇನ್ನೊಂದು ಹದವಾಗಿ ಇಳಿದು ಕೂತಿತು, ಅತ್ತಿತ್ತ ಕದಲಲಿಲ್ಲ. ಅಲುಗಿದ್ದರ ಮೈಮೇಲೆ ಅಂಕಿಯ ಹೊರತು ಏನೂ ಇರಲಿಲ್ಲ. ಕೂತದ್ದರ ಮೇಲೆ ತಯಾರಕರ ಹೆಸರೂ ‘ಕ್ರೋಮ್ ವೆನೇಡಿಯಂ’ ಎಂಬ ಒತ್ತೂ ಇತ್ತು. ಉಕ್ಕಿಗೆ ಕ್ರೋಮಿಯಂ, ವೆನೇಡಿಯಂ ಬೆರೆಸಿ ಹದ ಮಾಡಿದರೆ ಜೋರು ಬಿದ್ದಾಗ ಬಾಯಿ ಅಗಲವಾಗುವುದಿಲ್ಲ. ಪಾನಾಗಳಿಗೆ ಜಲಂಧರ್, ಲೂಧಿಯಾನಾ ಹೆಸರಾದ ಊರುಗಳು. ನಾಸಿಕ್ ಕಡೆಯ ಮಾಲು ನಮ್ಮ ಅಂಗಡಿಗಳಲ್ಲಿ ಮೊದಲಿನಿಂದಲೂ ಇದೆ.

ಇನ್ನೊಂದು ಸೂಕ್ಷ್ಮವನ್ನು ಕಾಕಾ ಪಾನಾದ ಒಳಬಾಯಿಗೆ ಬೆರಳಿಟ್ಟು ತೋರಿಸಿದರು. ಕೆಲವು ಪಾನಾಗಳ ಒಳಗೆ ಹನ್ನೆರಡು ಮೂಲೆ ಇರುತ್ತವೆ, ಕೆಲವದರಲ್ಲಿ ಆರು. ಹನ್ನೆರಡರದು ಹೆಚ್ಚು ಓರೆಗಳಲ್ಲಿ ಬೇಗ ಕೂರುತ್ತದೆ, ಆದರೆ ಬೋಲ್ಟಿನ ತಲೆಯನ್ನು ಮೂಲೆಯ ಬಳಿ ಮಾತ್ರ ಹಿಡಿಯುತ್ತದೆ. ಆರರದು ಬದಿಯ ಮೇಲೆ ಭಾರ ಹಾಕುತ್ತದೆ, ಮೂಲೆ ಉಳಿಯುತ್ತದೆ. ಹೊಸಬರು ಆರು ಮೂಲೆಯ ಗೋಟಿ ಪಾನಾ (ಸಾಕೆಟ್), ಅದಕ್ಕೊಂದು ಉದ್ದನೆಯ ಹಿಡಿಕೆ ಇಟ್ಟುಕೊಳ್ಳಬೇಕು. ಸ್ವೀಡನ್ನಿನ ಯೋಹಾನ್ಸನ್ 1892ರಲ್ಲಿ ಪೇಟೆಂಟ್ ಪಡೆದ ಸ್ಕ್ರೂ ಪಾನಾ ನಲ್ಲಿ ಕೆಲಸಕ್ಕೆ, ಪಂಪ್‌ಸೆಟ್ಟಿಗೆ ಬಹಳ ಉಪಕಾರಿ. ಡ್ರೇನ್ ಬೋಲ್ಟಿಗೆ ಅದನ್ನು ಮುಟ್ಟಿಸಬಾರದು.

ಉಳಿದ ಸಾಮಾನು ಇಷ್ಟು: ಐದಾರು ಲೀಟರ್ ಹಿಡಿಯುವ ಅಗಲ ಬಾಯಿಯ ಬುಟ್ಟಿ, ಜಾಲರಿಯಿರುವ ಲಾಳಿಕೆ, ಹತ್ತಿ ಅರಿವೆ, ಹೊಸ ವಾಷರ್, ಹೊಸ ಫಿಲ್ಟರ್. ಫಿಲ್ಟರ್ ಬಿಗಿಯಾಗಿದ್ದರೆ ಬಿಚ್ಚಲು ಪಟ್ಟಿ ಪಾನಾ ಬೇಕು, ಹಾಕುವಾಗ ಕೈಯೇ ಸಾಕು. ಹೊಸ ಫಿಲ್ಟರಿನ ರಬ್ಬರ್ ಬಳೆಗೆ ಬೆರಳಲ್ಲಿ ಆಯಿಲ್ ಸವರಿ, ಬಳೆ ತಾಗಿದ ಮೇಲೆ ಮುಕ್ಕಾಲು ಸುತ್ತು ತಿರುಗಿಸಬೇಕು. ಹಳೇ ಬಳೆ ಎಂಜಿನ್ನಿಗೇ ಅಂಟಿ ಉಳಿದಿಲ್ಲವೇ ಎಂದು ಮೊದಲೇ ನೋಡಿಕೊಳ್ಳಬೇಕು. ಎರಡು ಬಳೆ ಒಂದರ ಮೇಲೊಂದು ಕೂತರೆ ಆಯಿಲೆಲ್ಲ ರಸ್ತೆಯ ಪಾಲು.

ಬೋಲ್ಟ್ ಬಿಗಿಯುವುದಕ್ಕೆ ಕಾಕಾಗೆ ಮಣಿಕಟ್ಟೇ ಅಳತೆ. ನಮ್ಮಂಥವರು ಟಾರ್ಕ್ ಪಾನಾ ಇಟ್ಟುಕೊಳ್ಳಬೇಕು ಎಂದು ಅವರೇ ಹೇಳುತ್ತಾರೆ. ಹಲವು ಸಣ್ಣ ಕಾರುಗಳ ಡ್ರೇನ್ ಬೋಲ್ಟಿಗೆ ಬೇಕಾದ ಬಿಗಿ 30ರಿಂದ 40 ನ್ಯೂಟನ್ ಮೀಟರ್. ಪಾನಾವನ್ನು ಆ ಅಂಕಿಗೆ ಇಟ್ಟರೆ, ಅಷ್ಟು ಬಿಗಿಯಾದೊಡನೆ ಟಕ್ ಎನ್ನುತ್ತದೆ. ಈಗಿನ ಎಷ್ಟೋ ಎಂಜಿನ್ನುಗಳ ಆಯಿಲ್ ಚೇಂಬರ್ ಅಲ್ಯೂಮಿನಿಯಂನದು. ಜೋರು ಹೆಚ್ಚಾದರೆ ಒಳಗಿನ ಆಟೆ (ತಿರುಪಿನ ಗೆರೆ) ಹೋಗುತ್ತದೆ, ನೂರು ರೂಪಾಯಿ ಉಳಿಸಲು ಹೋಗಿ ಸಾವಿರಗಟ್ಟಲೆ ಖರ್ಚು ಬೀಳುತ್ತದೆ.

ಆಯಿಲ್ ಯಾವುದು, ಎಷ್ಟು ಲೀಟರ್, ಬೋಲ್ಟಿಗೆ ಎಷ್ಟು ಬಿಗಿ ಎಂಬುದಕ್ಕೆ ಕಾರಿನ ಜೊತೆ ಬಂದ ಪುಸ್ತಕವನ್ನೋ ಸರ್ವಿಸ್ ಪುಸ್ತಕವನ್ನೋ ನೋಡಬೇಕು. 5ಡಬ್ಲ್ಯೂ-30 ಎಂದಿದ್ದರೆ ಮೊದಲ ಅಂಕಿ ಚಳಿಯಲ್ಲಿ ಆಯಿಲ್ ಹರಿಯುವ ಗುಣ, ಎರಡನೆಯದು ಎಂಜಿನ್ ಕಾದಾಗ ಉಳಿಯುವ ಮಂದತನ. ತುಂಬಿದ ಮೇಲೆ ಒಂದು ನಿಮಿಷ ಎಂಜಿನ್ ಓಡಿಸಿ, ನಿಲ್ಲಿಸಿ, ತುಸು ಹೊತ್ತು ಬಿಟ್ಟು ಗೇಜಿನ ಕಡ್ಡಿ ನೋಡಬೇಕು.

ಒಂದು ಮಾತನ್ನು ಮಾತ್ರ ಕಾಕಾ ಮೂರು ಸಲ ಹೇಳಿಸಿ ಒಪ್ಪಿಸಿಕೊಂಡರು: “ಜಾಕ್ ಎತ್ತಾಕ, ಘೋಡಿ ಹೊರಾಕ.” ಘೋಡಿ ಎಂದರೆ ಕಾರಿನ ಕೆಳಗಿಡುವ ಕಬ್ಬಿಣದ ಸ್ಟ್ಯಾಂಡ್. ಜಾಕಿನ ಮೇಲೆ ಮಾತ್ರ ನಿಂತ ಕಾರಿನ ಕೆಳಗೆ ತಲೆ ಹಾಕಬಾರದು. ಸಮತಟ್ಟಾದ ಗಟ್ಟಿ ನೆಲ, ಹಿಂದಿನ ಗಾಲಿಗಳಿಗೆ ಕಲ್ಲು, ಎಳೆದ ಹ್ಯಾಂಡ್‌ಬ್ರೇಕ್, ಎರಡು ಘೋಡಿ. ಇವಿಲ್ಲದಿದ್ದರೆ ಆ ದಿನ ಆಯಿಲ್ ಬದಲಿಸುವ ಕೆಲಸವೇ ಬೇಡ.

ಹಿರೇಕೆರೂರಿನ ಗೊಟ್ಟ

ಇದೆಲ್ಲ ಹೊಸ ವಿದ್ಯೆಯೇನಲ್ಲ. ಹಿರೇಕೆರೂರು ಕಡೆಯ ಗೋವಿನಜೋಳದ ಊರುಗಳಲ್ಲಿ ಟ್ರ್ಯಾಕ್ಟರ್ ಇರುವ ಮನೆಗಳವರು ಆಯಿಲನ್ನು ಹಿತ್ತಲಲ್ಲೇ ಬದಲಿಸುತ್ತ ಬಂದಿದ್ದಾರೆ. ಚಕ್ಕಡಿಯ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದ ಕೈಗಳಿಗೆ ಅದು ಪರಕೀಯ ಅನ್ನಿಸಲಿಲ್ಲ. ಒಂದು ಮನೆಯಲ್ಲಿ ಎತ್ತುಗಳಿಗೆ ಔಷಧ ಕುಡಿಸುವ ಬಿದಿರಿನ ಗೊಟ್ಟದಿಂದ ಟ್ರ್ಯಾಕ್ಟರಿಗೆ ಆಯಿಲ್ ಹೊಯ್ಯುವುದನ್ನು ಕಂಡೆ. ಎತ್ತು ಮಾರಿಹೋಗಿದ್ದವು, ಗೊಟ್ಟ ಉಳಿದಿತ್ತು. ಓರೆಯಾಗಿ ಕತ್ತರಿಸಿದ ಅದರ ಬಾಯಿಯಿಂದ ಆಯಿಲ್ ಒಂದು ಹನಿಯೂ ಚೆಲ್ಲದೆ ಇಳಿಯಿತು. ಕಾಕಾಗೆ ಹೇಳಿದಾಗ ಅವರ ಮುಖ ಅರಳಿತು. ಆದರೂ ಹೇಳಿದರು: “ಚಂದ ಅದ. ಆದರ ಬಿದಿರಿನ ಒಂದ ಸಿಬರ ಒಳಗ ಹೋದರ ಎಂಜಿನ್ ಅಳತದ. ಲಾಳಿಕೀನ ಬಳಸ ಅನ್ನು.”

ಕರಿ ಎಣ್ಣೆ ಎಲ್ಲಿಗೆ

ಬಿಚ್ಚಿದ ಆಯಿಲ್ ಏನಾಗಬೇಕು ಎಂಬುದು ಪಾನಾ ಆರಿಸುವಷ್ಟೇ ದೊಡ್ಡ ಪ್ರಶ್ನೆ. ಮೊದಲೆಲ್ಲ ಅದು ಬೇಲಿಗೂಟಕ್ಕೆ, ಬಾಗಿಲ ಚೌಕಟ್ಟಿಗೆ, ಗೆದ್ದಲು ಹಿಡಿಯದಿರಲಿ ಎಂದು ಬಳಿಯಲು ಹೋಗುತ್ತಿತ್ತು, ಉಳಿದದ್ದು ಗಟಾರಕ್ಕೆ. ಕಾಕಾ ಕೂಡ ಹಾಗೆಯೇ ಮಾಡಿದವರು, ಅದನ್ನು ಮುಚ್ಚಿಡದೆ ಹೇಳಿದರು. ಓಡಿದ ಆಯಿಲಿನಲ್ಲಿ ಸವೆದ ಲೋಹದ ಕಣ, ಸುಟ್ಟ ಇಂಧನದ ಮಸಿ ಎಲ್ಲ ಇರುತ್ತವೆ. ಮಳೆ ನೀರಿನೊಂದಿಗೆ ಅದು ಇಳಿದು ಸೇರುವುದು ನಮ್ಮ ಕೆರೆಗಳನ್ನೇ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಅದನ್ನು ಹೀಗೆ ಚೆಲ್ಲುವುದಕ್ಕೆ ಬಿಡುವುದಿಲ್ಲ. 2024ರ ಏಪ್ರಿಲ್ 1ರಿಂದ ಬಳಸಿದ ಆಯಿಲನ್ನು ಮರುಶುದ್ಧಿಗೆ ಕಳಿಸುವ ಹೊಣೆಯನ್ನು ಆಯಿಲ್ ತಯಾರಿಸುವ ಕಂಪನಿಗಳ ಮೇಲೂ ಹೊರಿಸಲಾಗಿದೆ. ಶುದ್ಧ ಮಾಡಿದರೆ ಅದು ಮತ್ತೆ ಆಯಿಲೇ ಆಗುತ್ತದೆ. ಕಾಕಾ ಈಗ ಹಳೇ ಡಬ್ಬಿಗಳಲ್ಲಿ ತುಂಬಿ, ಬಿರಡೆ ಬಿಗಿದು, ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಒಪ್ಪಿಸುತ್ತಾರೆ. ಅದರೊಳಗೆ ನೀರನ್ನಾಗಲೀ ಪೆಟ್ರೋಲನ್ನಾಗಲೀ ಬೆರೆಸಬಾರದು, ಬೆರೆಸಿದರೆ ಮರುಶುದ್ಧಿಗೆ ತೊಡಕು.

ವಹಿಯ ಕೊನೆಯ ಪುಟಗಳು

ಕೆಂಪು ವಹಿಯ ಮೊದಲ ಪುಟಗಳು ತುಂಬಿ ತುಳುಕುತ್ತಿವೆ. ಶಿಕ್ಷಕರು, ಔಷಧ ಅಂಗಡಿಯವರು, ಎಲೆಬಳ್ಳಿ ತೋಟದವರು, ಸವಣೂರು, ಶಿಗ್ಗಾವಿಯಿಂದ ಬಂದವರೂ ಇದ್ದಾರೆ. ಇತ್ತೀಚಿನ ಪುಟಗಳಲ್ಲಿ ತಿಂಗಳಿಗೆ ಒಂದು ಹೆಸರೂ ಇಲ್ಲ. ಹೊಸ ಕಾರಿನವರು ವಾರಂಟಿ ಹೋದೀತೆಂದು ಕಂಪನಿಯ ಸರ್ವಿಸ್ ಸೆಂಟರಿಗೇ ಹೋಗುತ್ತಾರೆ, ಅದು ಸರಿಯೂ ಹೌದು. ಗೇಜಿನ ಕಡ್ಡಿಯ ತೂತಿನಿಂದಲೇ ಆಯಿಲ್ ಹೀರುವ ಯಂತ್ರ ಬಂದಿದೆ, ಅದಕ್ಕೆ ಪಾನಾವೇ ಬೇಡ. ಬ್ಯಾಟರಿ ಕಾರಿನಲ್ಲಿ ಎಂಜಿನ್ ಆಯಿಲೇ ಇಲ್ಲ. ಕಾಕಾನ ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಟ್ರಂಕ್ ಯಾರಿಗೆ ಎಂದು ಕೇಳಲು ನನಗೆ ಧೈರ್ಯ ಸಾಲಲಿಲ್ಲ.

ಐಟಿಐಗಳಲ್ಲಿ ಮೋಟಾರ್ ಮೆಕ್ಯಾನಿಕ್ ಓದಿಗೆ ಎರಡು ವರ್ಷ ಹಿಡಿಯುತ್ತದೆ. ಆ ಹುಡುಗ ಹುಡುಗಿಯರನ್ನು ಇಂಥ ಹಿರಿಯರ ಪಡಸಾಲೆಯಲ್ಲಿ ಒಂದು ದಿನ ಕೂರಿಸಿದರೆ ಎಷ್ಟು ಚೆನ್ನ ಎಂದು ಬರುವ ದಾರಿಯುದ್ದಕ್ಕೂ ಅನ್ನಿಸಿತು. ಪಾನಾ ಕೂತಿದೆಯೋ ಇಲ್ಲವೋ ಎಂದು ಬೆರಳಿಗೆ ಗೊತ್ತಾಗುವುದನ್ನು ಯಾವ ಪುಸ್ತಕವೂ ಕಲಿಸುವುದಿಲ್ಲ.

ಗುಂಡಗಾದ ಬೋಲ್ಟನ್ನು ಕಾಕಾ ಅರದಿಂದ ಎರಡು ಬದಿ ಚಪ್ಪಟೆ ಮಾಡಿ ಬಿಚ್ಚಿಕೊಟ್ಟಿದ್ದರು. ಹೊಸ ಬೋಲ್ಟ್, ಹೊಸ ವಾಷರ್ ಹಾಕಿ ಮುಂದಿನ ಸಲದ ಆಯಿಲನ್ನು ನಾನೇ ಬದಲಿಸಿದೆ. ಹಳೇ ವಾಷರನ್ನು ಒಯ್ದು ಕೊಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದು, ಒತ್ತಿದ ಗುರುತು ಸುತ್ತಲೂ ಒಂದೇ ಸಮ ಇದೆಯೇ ಎಂದು ನೋಡಿ, ತಂತಿಗೆ ಪೋಣಿಸಿದರು.

ಓದುವ ನಿಮ್ಮಲ್ಲಿ ನನ್ನದೊಂದು ಬೇಡಿಕೆ. ವಾರಂಟಿ ಮುಗಿದ ಹಳೇ ಕಾರು ಮನೆಯಲ್ಲಿದ್ದರೆ ಈ ಭಾನುವಾರ ಅದರ ಕೆಳಗೆ ಬಗ್ಗಿ ನೋಡಿ, ಡ್ರೇನ್ ಬೋಲ್ಟ್ ಎಷ್ಟರದೆಂದು ತಿಳಿದುಕೊಳ್ಳಿ, ಆ ಅಳತೆಯ ಒಂದು ಒಳ್ಳೆಯ ಪಾನಾ ಕೊಳ್ಳಿ. ನಿಮ್ಮ ಊರಿನಲ್ಲೂ ಒಬ್ಬ ಹಿರಿಯ ಮೆಕ್ಯಾನಿಕ್ ಇದ್ದೇ ಇರುತ್ತಾರೆ. ಪಾನಾ ಹಿಡಿಯುವ ಬಗೆಯನ್ನು ಅವರ ಕೈ ನೋಡಿ ಕಲಿಯಿರಿ.