ಕೋಟೆ ಬಾಗಿಲ ಆಚೆ ಕಳೆದುಹೋದ ಸ್ಮಶಾನ

ಬೆಂಗಳೂರು ಕೋಟೆಯ ಬಾಗಿಲಿನ ಹೊರಗೆ ಒಂದು ಸ್ಮಶಾನವಿತ್ತು!

ಚಾಮರಾಜಪೇಟೆಯಿಂದ ಮಾರ್ಕೆಟ್ಟಿಗೆ ನಡೆದು ಹೋಗಿ ಹೂವು ತರುವವರು, ಕಲಾಸಿಪಾಳ್ಯದಲ್ಲಿ ಬಸ್ಸು ಹಿಡಿಯುವವರು, ವಿಕ್ಟೋರಿಯಾ ಆಸ್ಪತ್ರೆಯ ಮುಂದೆ ಎಳನೀರು ಕುಡಿಯುತ್ತ ನಿಲ್ಲುವವರು, ನಾವೆಲ್ಲ ದಿನಾ ಓಡಾಡುವ ಈ ನೆಲದಲ್ಲೇ ಎಲ್ಲೋ ಅದು ಇತ್ತು. ಸುತ್ತ ಗೋಡೆ, ಗೋಡೆಗೊಂದು ಗೇಟು, ಒಳಗೆ ನೆಟ್ಟಗೆ ನಿಂತ ಸೈಪ್ರಸ್ ಮರಗಳು, ಗುಲಾಬಿ ಗಿಡಗಳು. ಹತ್ತೊಂಬತ್ತನೆಯ ಶತಮಾನ ಮುಗಿಯುತ್ತ ಬಂದಾಗಲೂ ಮೈಸೂರು ಸರ್ಕಾರ ತನ್ನ ಖರ್ಚಿನಲ್ಲಿ ಅದನ್ನು ನೋಡಿಕೊಳ್ಳುತ್ತಿತ್ತು. ಇವತ್ತು ಹೋಗಿ ಹುಡುಕಿ. ಒಂದು ಗೋರಿಯಿಲ್ಲ, ಒಂದು ಹೆಸರಿಲ್ಲ, ಒಂದು ಬೋರ್ಡೂ ಇಲ್ಲ. ಇಡೀ ಸ್ಮಶಾನವೇ ಕಣ್ಮರೆಯಾಗಿದೆ!

ಅದು ನನಗೆ ಸಿಕ್ಕಿದ್ದು ಒಂದು ಚಿತ್ರದಲ್ಲಿ. ರಾಬರ್ಟ್ ಹೋಮ್ ಎಂಬ ಇಂಗ್ಲಿಷ್ ಕಲಾವಿದ ಟಿಪ್ಪುವಿನ ಮೇಲೆ ಯುದ್ಧಕ್ಕೆ ಹೊರಟ ಲಾರ್ಡ್ ಕಾರ್ನ್‌ವಾಲಿಸ್‌ನ ಬ್ರಿಟಿಷ್ ಸೈನ್ಯದ ಜೊತೆಗೇ ಮೈಸೂರು ಸೀಮೆಗೆ ಬಂದವನು. ಸಿಪಾಯಿಗಳು ಬಂದೂಕು ಹೊತ್ತು ನಡೆದರೆ ಈತ ಕುಂಚ, ಕಾಗದ ಹೊತ್ತು ನಡೆದ. ತಾನು ಕಂಡ ಬೆಟ್ಟ, ಕೋಟೆ, ಬಾಗಿಲುಗಳನ್ನೆಲ್ಲ ಬರೆದು 1794ರಲ್ಲಿ ‘ಸೆಲೆಕ್ಟ್ ವ್ಯೂಸ್ ಇನ್ ಮೈಸೂರ್’ ಎಂಬ ಪುಸ್ತಕ ತಂದ. ಆ ಪುಸ್ತಕದ ಪುಟಗಳಲ್ಲಿ ಸಾವನದುರ್ಗ ಇದೆ, ಬೆಂಗಳೂರಿನ ಕೋಟೆ ಇದೆ. ಅವುಗಳ ನಡುವೆ, ಯಾರೂ ನಿರೀಕ್ಷಿಸದ ಕಡೆ, ಬೆಂಗಳೂರಿನ ಸ್ಮಶಾನವೂ ಇದೆ! ಯುದ್ಧ ನೋಡಲು ಬಂದ ಚಿತ್ರಕಾರ ಯುದ್ಧ ಮುಗಿದ ಮೇಲಿನ ಗೋರಿಗಳ ಮುಂದೆಯೂ ಕುಳಿತಿದ್ದ. ಆ ಕುಂಚ ಅವತ್ತು ಅಲ್ಲಿ ನಿಲ್ಲದೇ ಹೋಗಿದ್ದರೆ ಇವತ್ತು ಆ ಜಾಗದ ಮುಖವೇ ನಮಗೆ ಗೊತ್ತಿರುತ್ತಿರಲಿಲ್ಲ.

ಆ ಚಿತ್ರ ಕಂಡ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ. ಮಾರ್ಕೆಟ್ಟಿನ ಕಡೆ ಹೊರಟೆ.

ನೀವೂ ಒಮ್ಮೆ ಹೋಗಿ. ಕೆ.ಆರ್. ರಸ್ತೆಯ ಬದಿಯಲ್ಲಿ ದೆಹಲಿ ಬಾಗಿಲಿನ ಸುತ್ತ ಉಳಿದಿರುವ ತುಣುಕೇ ಇವತ್ತಿನ ಬೆಂಗಳೂರು ಕೋಟೆ. ಕೆಂಪೇಗೌಡರು 1537ರಲ್ಲಿ ಮಣ್ಣಿನಿಂದ ಕಟ್ಟಿಸಿದ್ದನ್ನು 1761ರಲ್ಲಿ ಹೈದರಾಲಿ ಕಲ್ಲಿನಲ್ಲಿ ಎಬ್ಬಿಸಿದ. ಅಂಡಾಕಾರದ ಆ ಕೋಟೆ ಎಷ್ಟು ವಿಸ್ತಾರವಾಗಿತ್ತೆಂದರೆ, ಟಿಪ್ಪುವಿನ ಬೇಸಿಗೆ ಅರಮನೆಯೂ ಕೋಟೆ ವೆಂಕಟರಮಣನ ಗುಡಿಯೂ ಅದರೊಳಗೇ ಇದ್ದವು. ಈಗ ಇವುಗಳ ನಡುವೆ ರಸ್ತೆಗಳು, ಆಸ್ಪತ್ರೆಗಳು, ಕಾಲೇಜುಗಳು. ಕಂದಕ ತುಂಬಿಹೋಗಿದೆ, ಗೋಡೆ ಒಡೆದುಹೋಗಿದೆ. ಆದರೂ ಉಳಿದ ಗೋಡೆಯ ಮೈಯಲ್ಲಿ ಒಂದು ಫಲಕವಿದೆ, ನಿಂತು ಓದಬೇಕು. ಇದೇ ಬಿರುಕಿನ ಮೂಲಕ 1791ರ ಮಾರ್ಚ್ 21ರಂದು ಬ್ರಿಟಿಷರ ದಾಳಿ ನಡೆಯಿತು ಎಂದು ಇಂಗ್ಲಿಷಿನಲ್ಲಿ ಬರೆದಿದೆ. ಆಟೋಗಳು ಹಾರ್ನ್ ಹೊಡೆಯುತ್ತಿವೆ, ಸೊಪ್ಪಿನ ಗಾಡಿಗಳು ತಳ್ಳಾಡುತ್ತಿವೆ, ಅದರ ಪಕ್ಕದಲ್ಲಿ ಈ ಕಲ್ಲು! ಆ ಸ್ಮಶಾನ ಹುಟ್ಟಿದ್ದು ಈ ಬಿರುಕಿನಿಂದ.

ಆ ತಿಂಗಳು ನಡೆದದ್ದನ್ನು ನೆನೆದರೆ ಈಗಲೂ ಮೈ ಝುಮ್ಮೆನ್ನುತ್ತದೆ. ಮಾರ್ಚ್ 5ರಂದು ಕಾರ್ನ್‌ವಾಲಿಸ್‌ನ ಸೈನ್ಯ ಬೆಂಗಳೂರಿನ ಮುಂದೆ ಬಂದು ನಿಂತಿತು. 7ರಂದು ಹಲಸೂರು ಬಾಗಿಲನ್ನು ಮುರಿದು ಪೇಟೆಯೊಳಗೆ ನುಗ್ಗಿತು. ಅದೇ ಬಾಗಿಲಲ್ಲಿ ಫಿರಂಗಿ ದಳದ ಲೆಫ್ಟಿನೆಂಟ್ ಕರ್ನಲ್ ಮೂರ್‌ಹೌಸ್ ಗುಂಡೇಟು ತಿಂದು ಬಿದ್ದ. ಅವನ ಸಾವನ್ನೂ ಹೋಮ್ ದೊಡ್ಡ ಚಿತ್ರವಾಗಿ ಬರೆದಿದ್ದಾನೆ. ಮದ್ರಾಸಿನ ಸೇಂಟ್ ಮೇರಿ ಚರ್ಚಿನಲ್ಲಿ ಅವನಿಗೊಂದು ಸ್ಮಾರಕವೂ ಇದೆ. ಎರಡು ವಾರ ಫಿರಂಗಿಗಳು ಕೋಟೆಗೋಡೆಯನ್ನು ಬಡಿದವು. 21ರ ಬೆಳದಿಂಗಳ ರಾತ್ರಿ ಬಿರುಕಿನ ಮೇಲೆ ಏಣಿ ಬಿತ್ತು. ಟಿಪ್ಪುವಿನ ಸೈನ್ಯ ಹತ್ತಿರದಲ್ಲೇ ಬೀಡುಬಿಟ್ಟಿತ್ತು, ಆದರೂ ಕೋಟೆ ಉಳಿಯಲಿಲ್ಲ. ಬೆಳಗಾಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಹೋಮ್ ಬರೆದದ್ದು ಆ ಮುತ್ತಿಗೆಯಲ್ಲಿ ಸತ್ತ ಈಸ್ಟ್ ಇಂಡಿಯಾ ಕಂಪನಿ ಸೈನ್ಯದ ಅಧಿಕಾರಿಗಳ ಗೋರಿಗಳನ್ನು. ದೂರದ ದ್ವೀಪದಲ್ಲಿ ಹುಟ್ಟಿ, ಹೆಸರೂ ಕೇಳದ ಊರಿನ ಬಾಗಿಲಲ್ಲಿ ಸತ್ತ ಕ್ಯಾಪ್ಟನ್ನರು, ಲೆಫ್ಟಿನೆಂಟರು ಅಲ್ಲಿ ಮಲಗಿದ್ದರು. ಆಮೇಲೆ ಕೋಟೆ ಮೈಸೂರು ಸಂಸ್ಥಾನದ್ದಾಯಿತು, ದಂಡು ಹಲಸೂರಿನ ಕಡೆಗೆ ಹೋಯಿತು. ಆದರೂ ಯಾರೋ ಒಬ್ಬ ಮಾಲಿ ಆ ಗುಲಾಬಿ ಗಿಡಗಳಿಗೆ ನೀರು ಹಾಕುತ್ತಲೇ ಇದ್ದ, ಯಾವುದೋ ಕಚೇರಿಯ ಲೆಕ್ಕದ ಪುಸ್ತಕದಲ್ಲಿ ಅದಕ್ಕೆ ಹಣ ಮಂಜೂರಾಗುತ್ತಲೇ ಇತ್ತು. ನೂರು ವರ್ಷ!

ಅಷ್ಟರಲ್ಲಿ ಊರು ಬೆಳೆಯತೊಡಗಿತು. 1892ರಲ್ಲಿ ಕೋಟೆಯ ಮಗ್ಗುಲಲ್ಲಿ ಚಾಮರಾಜಪೇಟೆಯ ನೇರವಾದ ರಸ್ತೆಗಳು ಬಂದವು. 1898ರ ಪ್ಲೇಗು ಪೇಟೆಯ ಇಕ್ಕಟ್ಟಿನಿಂದ ಜನರನ್ನು ಓಡಿಸಿತು, ಬಸವನಗುಡಿ ಮತ್ತು ಮಲ್ಲೇಶ್ವರ ಎದ್ದವು. 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆ ತೆರೆಯಿತು. 1920ರ ದಶಕದಲ್ಲಿ ಮಾರ್ಕೆಟ್ಟಿನ ದೊಡ್ಡ ಕಟ್ಟಡ ಎದ್ದಿತು. ಕೋಟೆಯೊಳಗಿದ್ದ ಹಳೆಯ ಚರ್ಚು ಕೂಡ ಜಾಗ ಬಿಟ್ಟು ಚಾಮರಾಜಪೇಟೆಗೆ ಬಂತು. ಪಂಪ ಮಹಾಕವಿ ರಸ್ತೆಯ ಸೇಂಟ್ ಲೂಕ್ಸ್ ಚರ್ಚಿನ ಮುಂದೆ ನೀವು ಎಷ್ಟು ಸಲ ಹಾದುಹೋಗಿದ್ದೀರೋ! ಅದೇ ಕೋಟೆ ಚರ್ಚಿನ ಹೊಸ ಮನೆ. ಬದುಕಿದ್ದವರ ಚರ್ಚಿಗೆ ಹೊಸ ಜಾಗ ಸಿಕ್ಕಿತು, ಸತ್ತವರ ಗೋರಿಗಳಿಗೆ ಸಿಗಲಿಲ್ಲ.

ಇದೇ ಮುತ್ತಿಗೆಯ ನೆನಪಿಗೆ ಇನ್ನೊಂದು ಗುರುತಿತ್ತು. ಇಂದಿನ ಹಡ್ಸನ್ ವೃತ್ತದಲ್ಲಿ, ಮೂರ್‌ಹೌಸ್ ಬಿದ್ದ ಹಲಸೂರು ಬಾಗಿಲಿಗೆ ಸಮೀಪದಲ್ಲೇ, ಎತ್ತರದ ಒಂದು ಕಲ್ಲುಕಂಬವಿತ್ತು. ಸತ್ತವರ ಹೆಸರುಗಳನ್ನು ಹೊತ್ತ ಸೆನೊಟಾಫ್ ಅದು. ನೃಪತುಂಗ ರಸ್ತೆಗೆ ಮೊದಲಿದ್ದ ಹೆಸರೇ ಸೆನೊಟಾಫ್ ರಸ್ತೆ. 1964ರಲ್ಲಿ ಅದನ್ನು ಕೆಡವಿದರು. ಪರದೇಶಿ ಸೈನ್ಯದ ಗೆಲುವಿನ ಕಂಬ ನಮ್ಮ ಊರಿನ ನಡುವೆ ಯಾಕಿರಬೇಕು ಎಂದು ಕೇಳಿದವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಆ ಕಂಬದ ಜೊತೆ ಬೆಂಗಳೂರಿನ ಅತಿ ದೊಡ್ಡ ಕಾಳಗದ ಗುರುತೇ ಪೇಟೆಯಿಂದ ಅಳಿಸಿಹೋಯಿತು. ಹಾಗೆ ಅಳಿಸಿಹೋದಾಗ ನಷ್ಟವಾದದ್ದು ಆ ಪರದೇಶಿಗಳಿಗೆ ಮಾತ್ರವಲ್ಲ.

ಯಾಕೆಂದರೆ ಆ ರಾತ್ರಿ ಸತ್ತವರಲ್ಲಿ ಹೆಚ್ಚಿನವರು ನಮ್ಮವರು!

ಕೋಟೆಯನ್ನು ಕಾಯುತ್ತ ಮಡಿದ ಸಾವಿರಕ್ಕೂ ಹೆಚ್ಚು ಮಂದಿ ಹೋಮ್‌ನ ಚಿತ್ರದಲ್ಲಿ ಇಲ್ಲ. ಕಂಪನಿಯ ಪರವಾಗಿ ಬಂದು ಸತ್ತ ಮದ್ರಾಸಿನ ಸಾಮಾನ್ಯ ಸಿಪಾಯಿಗಳೂ ಇಲ್ಲ. ಅವರಿಗೆ ಗೋಡೆ ಇರಲಿಲ್ಲ, ಗೇಟು ಇರಲಿಲ್ಲ, ಗುಲಾಬಿಯೂ ಇರಲಿಲ್ಲ. ಕಳೆದುಹೋದ ಒಂದು ಸ್ಮಶಾನವನ್ನು ಹುಡುಕುತ್ತ ಹೊರಟವನಿಗೆ ಅದಕ್ಕಿಂತ ಎಷ್ಟೋ ದೊಡ್ಡದಾದ, ಯಾರೂ ಚಿತ್ರ ಬರೆಯದ ಇನ್ನೊಂದು ಸ್ಮಶಾನ ಎದುರಾಯಿತು. ಕೋಟೆಯ ನೆಲವೇ ಅದು.

ಆ ಸಾವಿರ ಜನರಲ್ಲಿ ಒಬ್ಬರ ಹೆಸರು ಮಾತ್ರ ಚೆನ್ನಾಗಿ ಗೊತ್ತು: ಕೋಟೆಯ ಕಿಲ್ಲೇದಾರ ಬಹಾದೂರ್ ಖಾನ್. ವಯಸ್ಸಾಗಿತ್ತು, ಆದರೆ ಜಾಗ ಬಿಟ್ಟು ಕದಲಲಿಲ್ಲ, ಹೋರಾಡುತ್ತಲೇ ಸತ್ತರು. ಅವರ ದೇಹವನ್ನು ಸಕಲ ಮರ್ಯಾದೆಯೊಂದಿಗೆ ಕಳಿಸಿಕೊಡುತ್ತೇನೆಂದು ಕಾರ್ನ್‌ವಾಲಿಸ್ ಟಿಪ್ಪುವಿಗೆ ಹೇಳಿ ಕಳಿಸಿದ. ಕಾವಲು ಕಾಯ್ದ ಊರಿನಲ್ಲೇ, ಅಲ್ಲಿನ ಮುಸಲ್ಮಾನರ ಕೈಯಲ್ಲೇ ಅವರ ಸಂಸ್ಕಾರವಾಗಲಿ ಎಂದು ಟಿಪ್ಪು ಉತ್ತರ ಕೊಟ್ಟ. ಹಾಗೇ ಆಯಿತು.

ಈಗ ಕೇಳಿ! ಕೆ.ಆರ್. ಮಾರ್ಕೆಟ್ಟಿನ ಹತ್ತಿರ, ಅಷ್ಟು ಗದ್ದಲದ ನಡುವೆ, ಒಂದು ದರ್ಗಾ ಇದೆ. ಹಜರತ್ ಮೀರ್ ಬಹಾದೂರ್ ಶಾ ದರ್ಗಾ. ಅಲ್ಲಿ ಮಲಗಿರುವವರು ಆ ಕಿಲ್ಲೇದಾರರೇ ಎಂದು ಪೇಟೆಯ ಜನ ತಲೆಮಾರುಗಳಿಂದ ನಂಬಿಕೊಂಡು ಬಂದಿದ್ದಾರೆ. ಸೈನ್ಯಾಧಿಕಾರಿ ಜನರ ಬಾಯಲ್ಲಿ ಸಂತನಾಗಿದ್ದಾನೆ. ಮಲ್ಲಿಗೆಯ ಚಾದರ ಹೊದಿಸುತ್ತಾರೆ, ಊದುಬತ್ತಿ ಹಚ್ಚುತ್ತಾರೆ, ಕಾಯಿಲೆ ಬಿದ್ದ ಮಗುವನ್ನು ಎತ್ತಿಕೊಂಡು ಬರುತ್ತಾರೆ. ವ್ಯಾಪಾರಕ್ಕೆ ಕೂರುವ ಮೊದಲು ಬಾಗಿಲಲ್ಲಿ ನಿಂತು ಕೈ ಮುಗಿದು ಹೋಗುವವರಲ್ಲಿ ಎಲ್ಲ ಜಾತಿಯವರೂ ಇದ್ದಾರೆ. ಇದೇ ಯುದ್ಧ, ಇದೇ ರಾತ್ರಿ, ಇದೇ ನೆಲ. ಗೋಡೆ ಕಟ್ಟಿಸಿ, ಮಾಲಿಯನ್ನಿಟ್ಟು, ಪಟ್ಟಿ ಮಾಡಿ, ಚಿತ್ರ ಬರೆಸಿ ಕಾಪಾಡಿದ ಗೋರಿಗಳೆಲ್ಲ ಹೋದವು. ಸೋತವನ ಗೋರಿ ಉಳಿಯಿತು!

ನನ್ನನ್ನು ಬೆರಗುಗೊಳಿಸಿದ್ದು ಇದು. ಗೋರಿಯನ್ನು ಉಳಿಸುವುದು ಕಲ್ಲಿನ ಗಟ್ಟಿತನವಲ್ಲ, ಸರ್ಕಾರದ ಮಂಜೂರಾತಿಯೂ ಅಲ್ಲ. ಯಾರಾದರೂ ಅಲ್ಲಿಗೆ ಬರುತ್ತಿರಬೇಕು, ಅಷ್ಟೇ. ಬರುವವರು ನಿಂತ ದಿನ ಕಲ್ಲು ನೆಲಕ್ಕೆ ಇಳಿಯತೊಡಗುತ್ತದೆ. ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾವನ್ನೇ ನೋಡಿ. ಚೈತ್ರದ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಹೊರಟ ಕರಗ ಅಲ್ಲಿಗೂ ಹೋಗಿ ಬರುತ್ತದೆ. ವೀರಕುಮಾರರ ಕತ್ತಿಗಳ ನಡುವೆ ಮಲ್ಲಿಗೆಯ ಕರಗ ಒಬ್ಬ ಸೂಫಿಯ ಸಮಾಧಿಗೆ ಬರುವ ಊರಿನಲ್ಲಿ ಆ ಸಮಾಧಿಯನ್ನು ಮರೆಯುವುದು ಯಾರಿಗೆ ಸಾಧ್ಯ?

ಇನ್ನೊಂದು ಸಂಗತಿ ಹೇಳದೆ ಇರಲಾರೆ. ‘ಬೆಂಗಳೂರು’ ಎಂಬ ಹೆಸರು ಮೊದಲು ಬರಹದಲ್ಲಿ ಕಾಣಿಸುವುದೇ ಸತ್ತವರ ಕಲ್ಲಿನ ಮೇಲೆ! ಬೇಗೂರಿನ ನಾಗೇಶ್ವರ ಗುಡಿಯ ಶಾಸನ, ಸುಮಾರು 890ರದು. ಬೆಂಗಳೂರಿನ ಕಾಳಗದಲ್ಲಿ ನಾಗತ್ತರ ಎಂಬುವನ ಕಡೆಯವನೊಬ್ಬ ಸತ್ತ ಎಂದು ಅದು ಹೇಳುತ್ತದೆ. ಕೆಂಪೇಗೌಡರಿಗಿಂತ ಆರುನೂರು ವರ್ಷಕ್ಕೂ ಹಿಂದಿನ ಮಾತು. ಅದಕ್ಕಿಂತ ಹಳೆಯದು ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು, ಸುಮಾರು 750ರದು, ಗಂಗರ ಶ್ರೀಪುರುಷನ ಕಾಲದ್ದು. ಹೋರಾಡಿ ಸತ್ತ ಕಿತ್ತಯ್ಯ ನೆಲದ ಮರೆಯಿಂದ ಮತ್ತೆ ಬೆಳಕಿಗೆ ಬಂದದ್ದು 2018ರಲ್ಲಿ! ಈ ಊರಿನ ಚರಿತ್ರೆಯ ಮೊದಲ ಪುಟಗಳನ್ನು ಬರೆಸಿದವರು ಸತ್ತವರ ಮನೆಯವರು, ಸತ್ತವನನ್ನು ಮರೆಯಬಾರದು ಎಂದುಕೊಂಡವರು.

ಮತ್ತು ನೆಲ ಏನನ್ನೂ ಪೂರ್ತಿ ನುಂಗುವುದಿಲ್ಲ. 2012ರಲ್ಲಿ ಮಾರ್ಕೆಟ್ಟಿನ ಹತ್ತಿರ ಮೆಟ್ರೊಗೆ ಅಗೆಯುತ್ತಿದ್ದಾಗ ಟಿಪ್ಪು ಕಾಲದ ಎರಡು ದೊಡ್ಡ ಫಿರಂಗಿಗಳು ಮಣ್ಣಿನಿಂದ ಮೇಲೆ ಬಂದವು. ಇನ್ನೂರು ವರ್ಷ ತಲೆಯ ಮೇಲೆ ಸಂತೆ ನಡೆಯುತ್ತಿತ್ತು, ಅವು ಕೆಳಗೆ ಕಾದಿದ್ದವು! ಫಿರಂಗಿ ಸಿಕ್ಕಿದ ಮಣ್ಣಿನಲ್ಲಿ ಹೆಸರು ಕೆತ್ತಿದ ಒಂದು ಕಲ್ಲು ಸಿಗಬಾರದೆಂದಿಲ್ಲ. ಕೋಟೆಯ ಸುತ್ತ ಹಳೆಯ ಅಂಗಡಿ ಒಡೆದು ಹೊಸದಕ್ಕೆ ಪಾಯ ತೆಗೆಯುವ ಪ್ರತಿ ಸೈಟಿನ ಮುಂದೆಯೂ ಈಗ ನನ್ನ ಕಾಲು ತಾನಾಗಿ ನಿಲ್ಲುತ್ತದೆ, ಕಣ್ಣು ಮಣ್ಣಿನ ಗುಡ್ಡೆಯ ಕಡೆ ಹೋಗುತ್ತದೆ.

ಆದ್ದರಿಂದ ಓದುಗರಲ್ಲಿ ಒಂದು ಬೇಡಿಕೆ. ಪಾಯ ತೋಡುವಾಗ, ಬಾವಿ ಮುಚ್ಚುವಾಗ, ಹಿತ್ತಲಿನ ಒಗೆಯುವ ಕಲ್ಲನ್ನು ಎತ್ತಿ ಹಾಕುವಾಗ ಅದರ ಹಿಂಬದಿಯನ್ನೊಮ್ಮೆ ನೋಡಿ. ಕತ್ತಿ ಹಿಡಿದ ವೀರನಿರಬಹುದು, ಅಕ್ಷರಗಳಿರಬಹುದು. ಜಾಗ ನಿಮ್ಮದೇ ಆಗಿರಲಿ, ಹೆದರಬೇಡಿ, ಮುಚ್ಚಿಡಬೇಡಿ. ಪುರಾತತ್ವ ಇಲಾಖೆಗೆ ತಿಳಿಸಿ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಗೆ ತಿಳಿಸಿ. 1909ರಿಂದ ನಡೆದು ಬಂದಿರುವ ಆ ಸಂಸ್ಥೆ ಈಗ ಬೆಂಗಳೂರಿನ ಶಾಸನಗಳನ್ನು ಹುಡುಕಿ ಹುಡುಕಿ ಸ್ಕ್ಯಾನ್ ಮಾಡಿ ಉಳಿಸುತ್ತಿದೆ. ಮನೆಯಲ್ಲಿ ಅಜ್ಜಿಯೋ ತಾತನೋ ಇದ್ದರೆ, ಆ ಮೂಲೆಯಲ್ಲಿ ಮೊದಲು ಏನಿತ್ತು ಎಂದು ಕೇಳಿ, ಬರೆದಿಟ್ಟುಕೊಳ್ಳಿ.

ದೆಹಲಿ ಬಾಗಿಲಿನ ಪಕ್ಕದಲ್ಲಿ ಕನ್ನಡದ ಒಂದು ಫಲಕವೂ ಬೇಕು. ಬಿರುಕಿನ ಮೂಲಕ ಒಳಗೆ ಬಂದವರ ಮಾತು ಅಲ್ಲಿ ಈಗಾಗಲೇ ಇದೆ. ಆ ಬಿರುಕಿನಲ್ಲಿ ನಿಂತು ತಡೆದವರ ಮಾತು ಬರಬೇಕು. ಬಹಾದೂರ್ ಖಾನರ ಹೆಸರು, ಹೋಮ್ ಚಿತ್ರದ ಗೋರಿಗಳಲ್ಲಿ ಮಲಗಿದ್ದ ಪರದೇಶಿಗಳ ಹೆಸರು, ಜೊತೆಗೆ ಹೆಸರೇ ಉಳಿಯದ ಸಾವಿರ ಜನರಿಗಾಗಿ ಒಂದು ಸಾಲು. ಇನ್ನೂರಮೂವತ್ತು ವರ್ಷಗಳ ಮೇಲೆ ಅವರಲ್ಲಿ ಯಾರೂ ಯಾರಿಗೂ ಶತ್ರುಗಳಲ್ಲ. ಎಲ್ಲರೂ ಬೆಂಗಳೂರಿನ ಮಣ್ಣಾದವರು, ಅವರ ಲೆಕ್ಕ ಇಡಬೇಕಾದವರು ನಾವೇ.