ಬ್ಯಾಕಪ್ ಮರಳಿಸಿದ ಮೇಲೆ ಮೆಮೊರಿ ಕಾರ್ಡು ತೆರೆಯದಿದ್ದರೆ: ಏಕಫಲಕ ಗಣಕದ ಬಳಕೆದಾರರಿಗೆ ಮಾಹಿತಿ

ಗಣಕಯಂತ್ರದ ಎಲ್ಲ ಮುಖ್ಯ ಅಂಗಗಳನ್ನೂ ಒಂದೇ ವಿದ್ಯುನ್ಮಾನ ಫಲಕದ ಮೇಲೆ ಅಳವಡಿಸಿದ ಸಾಧನಕ್ಕೆ ಏಕಫಲಕ ಗಣಕವೆಂದು ಹೆಸರು. ಇವುಗಳಲ್ಲಿ ಹೆಚ್ಚು ಪರಿಚಿತವಾದುದು ರಾಸ್ಪ್‌ಬೆರಿ ಪೈ. ಬ್ರಿಟನ್ನಿನಲ್ಲಿ ರೂಪುಗೊಂಡ ಈ ಗಣಕವು 2012ರ ಫೆಬ್ರವರಿ 29ರಂದು ಮಾರಾಟಕ್ಕೆ ಬಂದಿತು. ಗಣಕದ ಕ್ರಮವಿಧಿ ರಚನೆಯನ್ನು ಮಕ್ಕಳು ಕಡಿಮೆ ವೆಚ್ಚದಲ್ಲಿ ಕಲಿಯುವಂತಾಗಬೇಕೆಂಬುದು ಇದರ ಮೂಲ ಉದ್ದೇಶವಾಗಿತ್ತು. ಈಗ ಮನೆಯ ಛಾಯಾಚಿತ್ರಗಳ ಸಂಗ್ರಹ, ಸಣ್ಣ ಗ್ರಂಥಾಲಯದ ಪುಸ್ತಕಪಟ್ಟಿ, ಸಂಘ ಸಂಸ್ಥೆಗಳ ದಾಖಲೆ ಮುಂತಾದ ಕಾರ್ಯಗಳಿಗೂ ಇದನ್ನು ಬಳಸಲಾಗುತ್ತಿದೆ.

ಸಾಮಾನ್ಯವಾಗಿ ಈ ಗಣಕದಲ್ಲಿ ಪ್ರತ್ಯೇಕ ಹಾರ್ಡ್ ಡಿಸ್ಕ್ ಇರುವುದಿಲ್ಲ. ಕಾರ್ಯಾಚರಣ ವ್ಯವಸ್ಥೆಯೂ ಬಳಕೆದಾರರ ಕಡತಗಳೂ 15 ಮಿ.ಮೀ. ಉದ್ದ ಹಾಗೂ 11 ಮಿ.ಮೀ. ಅಗಲದ ಮೈಕ್ರೊ ಎಸ್‌ಡಿ ಕಾರ್ಡಿನಲ್ಲಿಯೇ ಇರುತ್ತವೆ. ಪದೇ ಪದೇ ಬರೆಯುವುದರಿಂದ ಈ ಕಾರ್ಡು ಕಾಲಕ್ರಮದಲ್ಲಿ ಸವೆಯುತ್ತದೆ. ಆದಕಾರಣ ಅದರ ಬ್ಯಾಕಪ್, ಅಂದರೆ ರಕ್ಷಾಪ್ರತಿ, ತೆಗೆದಿಡುವುದು ಅತ್ಯವಶ್ಯ. ಆದರೆ ಆ ಪ್ರತಿಯನ್ನು ಹೊಸ ಕಾರ್ಡಿಗೆ ಮರಳಿಸಿದ ಮೇಲೆ ಗಣಕವು ಆರಂಭವೇ ಆಗದೆ ನಿಲ್ಲುವುದುಂಟು. ಆಗ ಪ್ರತಿಯೇ ಕೆಟ್ಟಿದೆಯೆಂದು ತೀರ್ಮಾನಿಸಿ ಕಾರ್ಡನ್ನು ಅಳಿಸಿಬಿಡುವುದು ಸರಿಯಲ್ಲ. ಅನೇಕ ಸಂದರ್ಭಗಳಲ್ಲಿ ಕಡತಗಳು ಸುರಕ್ಷಿತವಾಗಿಯೇ ಇರುತ್ತವೆ. ಅವುಗಳನ್ನು ಹುಡುಕುವ ವಿಳಾಸ ಮಾತ್ರ ಬದಲಾಗಿರುತ್ತದೆ.

‘ಮೌಂಟ್’ ಎಂದರೇನು?

ಲಿನಕ್ಸ್ ಆಧಾರಿತ ವ್ಯವಸ್ಥೆಯಲ್ಲಿ ಕಾರ್ಡನ್ನು ಸೇರಿಸಿದ ಮಾತ್ರಕ್ಕೆ ಅದರೊಳಗಿನ ಕಡತಗಳು ದೊರೆಯುವುದಿಲ್ಲ. ಕಾರ್ಡಿನ ಪ್ರತಿಯೊಂದು ವಿಭಾಗವನ್ನೂ ವ್ಯವಸ್ಥೆಯ ಒಂದು ಗೊತ್ತಾದ ಕೋಶಕ್ಕೆ ಜೋಡಿಸಬೇಕಾಗುತ್ತದೆ. ಈ ಜೋಡಣೆಯೇ ‘ಮೌಂಟ್’.

ರಾಸ್ಪ್‌ಬೆರಿ ಪೈ ಕಾರ್ಡಿನಲ್ಲಿ ಸಾಮಾನ್ಯವಾಗಿ ಎರಡು ವಿಭಾಗಗಳಿರುತ್ತವೆ. ಮೊದಲನೆಯದು ಆರಂಭಕ ವಿಭಾಗ. ಇದು ‘ಫ್ಯಾಟ್32’ ಎಂಬ ವಿನ್ಯಾಸದಲ್ಲಿರುವುದರಿಂದ ವಿಂಡೋಸ್ ಗಣಕದಲ್ಲಿಯೂ ತೆರೆಯುತ್ತದೆ. ಎರಡನೆಯದು ಮೂಲ ವಿಭಾಗ. ಇದು ‘ಇಎಕ್ಸ್‌ಟಿ4’ ವಿನ್ಯಾಸದಲ್ಲಿದ್ದು, ಕಾರ್ಯಾಚರಣ ವ್ಯವಸ್ಥೆಯನ್ನೂ ಬಳಕೆದಾರರ ಕಡತಗಳನ್ನೂ ಒಳಗೊಂಡಿರುತ್ತದೆ. 2023ರ ಅಕ್ಟೋಬರಿನಲ್ಲಿ ಬಿಡುಗಡೆಯಾದ ‘ಬುಕ್‌ವರ್ಮ್’ ಆವೃತ್ತಿಯಿಂದ ಮೊದಲ ವಿಭಾಗವು ‘ಬೂಟ್’ ಕೋಶದೊಳಗಿನ ‘ಫರ್ಮ್‌ವೇರ್’ ಎಂಬ ಉಪಕೋಶಕ್ಕೆ ಜೋಡಣೆಯಾಗುತ್ತದೆ. ಅದಕ್ಕೂ ಹಿಂದಿನ ಆವೃತ್ತಿಗಳಲ್ಲಿ ಅದು ನೇರವಾಗಿ ‘ಬೂಟ್’ ಕೋಶಕ್ಕೆ ಜೋಡಣೆಯಾಗುತ್ತಿತ್ತು. ಹಳೆಯ ಪ್ರತಿಯನ್ನು ಮರಳಿಸುವವರು ಈ ವ್ಯತ್ಯಾಸವನ್ನು ನೆನಪಿನಲ್ಲಿಡಬೇಕು.

ಮೊದಲು ನೋಡಿ, ಆಮೇಲೆ ಬರೆಯಿರಿ

ಪರಿಶೀಲನೆ ಮುಗಿಯುವವರೆಗೆ ಕಾರ್ಡಿನ ಮೇಲೆ ಏನನ್ನೂ ಬರೆಯಬಾರದು. ಕಾರ್ಡನ್ನು ವಿಂಡೋಸ್ ಗಣಕಕ್ಕೆ ಸೇರಿಸಿದಾಗ ‘ಬಳಸುವ ಮುನ್ನ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು’ ಎಂಬರ್ಥದ ಸೂಚನೆ ಕಾಣಿಸಿಕೊಳ್ಳಬಹುದು. ವಿಂಡೋಸಿಗೆ ‘ಇಎಕ್ಸ್‌ಟಿ4’ ವಿನ್ಯಾಸವನ್ನು ನೇರವಾಗಿ ಓದಲು ಬಾರದಿರುವುದೇ ಇದಕ್ಕೆ ಕಾರಣ. ಕಾರ್ಡು ಕೆಟ್ಟಿದೆಯೆಂದು ಇದರ ಅರ್ಥವಲ್ಲ. ಸೂಚನೆಯನ್ನು ರದ್ದುಗೊಳಿಸಬೇಕು. ಒಪ್ಪಿಗೆ ನೀಡಿದರೆ ಸುರಕ್ಷಿತವಾಗಿದ್ದ ಮೂಲ ವಿಭಾಗವೇ ಅಳಿಸಿಹೋಗುತ್ತದೆ. ಹಳೆಯ ಕಾರ್ಡು ಕೈಯಲ್ಲಿದ್ದರೆ ಅದನ್ನು ಪ್ರತ್ಯೇಕವಾಗಿ ತೆಗೆದಿರಿಸಿ, ಹೊಸ ಕಾರ್ಡು ಸರಿಯಾಗಿ ಕೆಲಸ ಮಾಡುವವರೆಗೆ ಮುಟ್ಟದಿರುವುದು ಕ್ಷೇಮ.

ಇನ್ನು ಮುಂದೆ ಮೂರು ಪ್ರಶ್ನೆಗಳನ್ನು ಕ್ರಮವಾಗಿ ಕೇಳಿಕೊಳ್ಳಬೇಕು.

1. ಕಾರ್ಡು ಗಣಕಕ್ಕೆ ಕಾಣುತ್ತಿದೆಯೇ?

ಫಲಕದ ಮೇಲಿರುವ ಹಸಿರು ದೀಪವು ಒಂದು ಉಪಯುಕ್ತ ಸೂಚಕ. ಅದು ನಾಲ್ಕು ಬಾರಿ ಮಿನುಗಿ ನಿಂತು ಮತ್ತೆ ಅದೇ ಕ್ರಮವನ್ನು ಪುನರಾವರ್ತಿಸಿದರೆ ಆರಂಭಕ ಕಡತ ದೊರೆತಿಲ್ಲವೆಂದೂ, ಏಳು ಬಾರಿ ಮಿನುಗಿದರೆ ಕರ್ನೆಲ್ ಕಡತ ದೊರೆತಿಲ್ಲವೆಂದೂ ತಿಳಿಯಬೇಕು. ಎರಡೂ ಸಂದರ್ಭಗಳಲ್ಲಿ ಮೊದಲ ವಿಭಾಗದ ಪ್ರತಿ ಸರಿಯಾಗಿ ಬಂದಿಲ್ಲವೆಂದು ಊಹಿಸಬಹುದು.

ಬೇರೊಂದು ಲಿನಕ್ಸ್ ಗಣಕವಿದ್ದರೆ ಕಾರ್ಡ್ ರೀಡರಿನ ಮೂಲಕ ಕಾರ್ಡನ್ನು ಸೇರಿಸಿ ‘ಎಲ್‌ಎಸ್‌ಬಿಎಲ್‌ಕೆ’ ಎಂಬ ಆಜ್ಞೆಯನ್ನು ರೋಮನ್ ಸಣ್ಣಕ್ಷರಗಳಲ್ಲಿ, ನಡುವೆ ತೆರಪಿಲ್ಲದೆ ನೀಡಬೇಕು. ಕಾರ್ಡು ಮತ್ತು ಅದರ ಎರಡು ವಿಭಾಗಗಳು ಪಟ್ಟಿಯಲ್ಲಿ ಕಾಣಬೇಕು. ಕಾರ್ಡೇ ಕಾಣದಿದ್ದರೆ ರೀಡರನ್ನು ಬದಲಿಸಿ ನೋಡಬೇಕು. 32 ಜಿಬಿಗಿಂತ ಹೆಚ್ಚಿನ ಕಾರ್ಡುಗಳು ‘ಎಸ್‌ಡಿಎಕ್ಸ್‌ಸಿ’ ವರ್ಗಕ್ಕೆ ಸೇರಿದವು. ಕೆಲವು ಹಳೆಯ ರೀಡರುಗಳು ಇವನ್ನು ಗುರುತಿಸುವುದಿಲ್ಲ. ಕಾರ್ಡು ಕಂಡರೂ ಬರೆಯಲು ಬಾರದಿದ್ದರೆ ದೊಡ್ಡ ಅಡಾಪ್ಟರಿನ ಪಕ್ಕದಲ್ಲಿರುವ ಪುಟ್ಟ ಬೀಗದ ಗುಂಡಿಯನ್ನು ಗಮನಿಸಬೇಕು. ವಿದ್ಯುತ್ ಪೂರೈಕೆಯೂ ಮುಖ್ಯ. ಉದಾಹರಣೆಗೆ, ರಾಸ್ಪ್‌ಬೆರಿ ಪೈ 4 ಮಾದರಿಗೆ 5 ವೋಲ್ಟ್, 3 ಆಂಪಿಯರ್ ಸಾಮರ್ಥ್ಯದ ಪೂರೈಕೆ ಬೇಕು. ಸಾಧಾರಣ ದೂರವಾಣಿ ಚಾರ್ಜರಿನಿಂದ ಇದು ಸದಾ ದೊರೆಯುವುದಿಲ್ಲ.

2. ಪ್ರತಿ ಪೂರ್ಣವಾಗಿ ಇಳಿದಿದೆಯೇ?

ಎರಡು ಕಾರ್ಡುಗಳ ಮೇಲೆ 32 ಜಿಬಿ ಎಂದೇ ಮುದ್ರಿತವಾಗಿದ್ದರೂ ಅವುಗಳ ನೈಜ ಗಾತ್ರ ಒಂದೇ ಆಗಿರಬೇಕೆಂದಿಲ್ಲ. ಬೇರೆ ಬೇರೆ ತಯಾರಕರ ಕಾರ್ಡುಗಳಲ್ಲಿ ಅಲ್ಪಸ್ವಲ್ಪ ವ್ಯತ್ಯಾಸ ಇರುತ್ತದೆ. ಇಡೀ ಕಾರ್ಡಿನ ಪ್ರತಿಬಿಂಬವನ್ನು ತುಸು ಚಿಕ್ಕದಾದ ಕಾರ್ಡಿಗೆ ಇಳಿಸಿದರೆ ಮೂಲ ವಿಭಾಗದ ಕೊನೆಯ ಭಾಗ ಕತ್ತರಿಸಿಹೋಗುತ್ತದೆ. ವಿಭಾಗದ ಗಾತ್ರ ಕಾರ್ಡಿನ ಗಾತ್ರವನ್ನೇ ಮೀರಿರುವುದರಿಂದ ವ್ಯವಸ್ಥೆಯು ಅದನ್ನು ಜೋಡಿಸಲು ನಿರಾಕರಿಸುತ್ತದೆ. ಇದಕ್ಕೆ ಪರಿಹಾರ ಸರಳ: ಸ್ವಲ್ಪ ದೊಡ್ಡ ಕಾರ್ಡಿಗೆ ಅದೇ ಪ್ರತಿಯನ್ನು ಮತ್ತೊಮ್ಮೆ ಇಳಿಸಬೇಕು. ಉಳಿದ ಜಾಗವನ್ನು ಆಮೇಲೆ ವಿಸ್ತರಿಸಿಕೊಳ್ಳಬಹುದು.

ಗಣಕ ಚಾಲನೆಯಲ್ಲಿರುವಾಗಲೇ ಪ್ರತಿ ತೆಗೆದಿದ್ದರೆ ಅರ್ಧ ಬರೆದ ಕಡತಗಳೂ ಅದರಲ್ಲಿ ಸೇರಿರಬಹುದು. ಅಂತಹ ದೋಷಗಳನ್ನು ‘ಎಫ್‌ಎಸ್‌ಸಿಕೆ’ ಎಂಬ ಆಜ್ಞೆ ಬಹುಮಟ್ಟಿಗೆ ಸರಿಪಡಿಸುತ್ತದೆ. ಆದರೆ ಅದನ್ನು ಜೋಡಣೆಯಾಗಿಲ್ಲದ ವಿಭಾಗದ ಮೇಲೆ ಮಾತ್ರ ಪ್ರಯೋಗಿಸಬೇಕು. ಈ ಆಜ್ಞೆ ಕಾರ್ಡಿನ ಮೇಲೆ ಬರೆಯುತ್ತದೆಯಾದ್ದರಿಂದ, ಮಾಹಿತಿ ಆ ಒಂದೇ ಕಾರ್ಡಿನಲ್ಲಿದ್ದಲ್ಲಿ ಮೊದಲು ಅದರ ಇನ್ನೊಂದು ಪ್ರತಿ ತೆಗೆದುಕೊಳ್ಳತಕ್ಕದ್ದು.

3. ಗುರುತುಸಂಖ್ಯೆ ತಾಳೆಯಾಗುತ್ತಿದೆಯೇ?

ಕಾರ್ಡು ಕಾಣುತ್ತಿದೆ, ವಿಭಾಗಗಳೂ ಸರಿಯಾಗಿವೆ, ಆದರೂ ಗಣಕ ಆರಂಭವಾಗುತ್ತಿಲ್ಲ ಎಂದಾದರೆ ಈ ಪ್ರಶ್ನೆಯನ್ನು ಕೇಳಬೇಕು. ಕಾರ್ಡಿನ ವಿಭಾಗಪಟ್ಟಿಯಲ್ಲಿ ಎಂಟು ಚಿಹ್ನೆಗಳ ಒಂದು ಗುರುತುಸಂಖ್ಯೆ ಇರುತ್ತದೆ. ಅದರ ಮುಂದೆ ಅಡ್ಡಗೆರೆಯೊಂದಿಗೆ 01 ಎಂದು ಸೇರಿಸಿದರೆ ಮೊದಲ ವಿಭಾಗದ ಗುರುತು, 02 ಎಂದು ಸೇರಿಸಿದರೆ ಎರಡನೆಯ ವಿಭಾಗದ ಗುರುತು ಆಗುತ್ತದೆ. ಇದಕ್ಕೆ ‘ಪಾರ್ಟ್‌ಯುಯುಐಡಿ’ ಎಂದು ಹೆಸರು.

ಈ ಗುರುತು ಎರಡು ಕಡತಗಳಲ್ಲಿ ದಾಖಲಾಗಿರುತ್ತದೆ. ಮೊದಲ ವಿಭಾಗದಲ್ಲಿರುವ ‘ಸಿಎಮ್‌ಡಿಲೈನ್’ ಎಂಬ ಪಠ್ಯಕಡತವು ಮೂಲ ವಿಭಾಗ ಯಾವುದೆಂದು ಕರ್ನೆಲ್‌ಗೆ ತಿಳಿಸುತ್ತದೆ. ಮೂಲ ವಿಭಾಗದ ‘ಇಟಿಸಿ’ ಕೋಶದಲ್ಲಿರುವ ‘ಎಫ್‌ಎಸ್‌ಟ್ಯಾಬ್’ ಎಂಬ ಕಡತವು ಯಾವ ವಿಭಾಗವನ್ನು ಯಾವ ಕೋಶಕ್ಕೆ ಜೋಡಿಸಬೇಕೆಂಬುದನ್ನು ಹೇಳುತ್ತದೆ.

ಇಡೀ ಕಾರ್ಡಿನ ಪ್ರತಿಬಿಂಬ ಮರಳಿಸಿದಾಗ ಗುರುತುಸಂಖ್ಯೆಯೂ ಜೊತೆಗೇ ಬರುವುದರಿಂದ ತೊಂದರೆಯಿಲ್ಲ. ಆದರೆ ಹೊಸ ಕಾರ್ಡಿನಲ್ಲಿ ವ್ಯವಸ್ಥೆಯನ್ನು ಹೊಸದಾಗಿ ಸ್ಥಾಪಿಸಿ, ಅದರ ಮೇಲೆ ಹಳೆಯ ಕಡತಗಳನ್ನು ನಕಲಿಸಿದಾಗ ಪರಿಸ್ಥಿತಿ ಬೇರೆ. ಹೊಸ ಕಾರ್ಡಿಗೆ ಹೊಸ ಗುರುತು ಬಂದಿರುತ್ತದೆ. ಹಳೆಯ ಕಡತಗಳು ಹಳೆಯ ಗುರುತನ್ನೇ ಹುಡುಕುತ್ತವೆ. ಮನೆ ಬದಲಾಯಿಸಿದವರಿಗೆ ಹಳೆಯ ವಿಳಾಸಕ್ಕೇ ಪತ್ರ ಬರೆದಂತೆ ಆಗುತ್ತದೆ.

ಮೊದಲ ಕಡತದಲ್ಲಿ ಗುರುತು ತಪ್ಪಿದ್ದರೆ ಮೂಲ ವಿಭಾಗ ದೊರೆಯಲಿಲ್ಲವೆಂಬ ಸಂದೇಶ ಬಂದು ಗಣಕ ಅಲ್ಲಿಯೇ ನಿಲ್ಲುತ್ತದೆ. ಎರಡನೆಯದರಲ್ಲಿ ತಪ್ಪಿದ್ದರೆ ಆರಂಭ ಅರ್ಧದವರೆಗೆ ನಡೆದು, ಸುಮಾರು 90 ಸೆಕೆಂಡು ಕಾದು, ತುರ್ತುಸ್ಥಿತಿಯ ಪರದೆಗೆ ಬರುತ್ತದೆ. ಪರಿಹಾರ ಕ್ರಮ ಹೀಗಿದೆ:

(ಅ) ಬೇರೊಂದು ಲಿನಕ್ಸ್ ಗಣಕದಲ್ಲಿ ‘ಬಿಎಲ್‌ಕೆಐಡಿ’ ಆಜ್ಞೆ ನೀಡಿ ಹೊಸ ಕಾರ್ಡಿನ ಎರಡೂ ವಿಭಾಗಗಳ ಗುರುತನ್ನು ಕಾಗದದ ಮೇಲೆ ಬರೆದುಕೊಳ್ಳಿ.

(ಆ) ‘ಸಿಎಮ್‌ಡಿಲೈನ್’ ಕಡತದಲ್ಲಿರುವ ಹಳೆಯ ಗುರುತಿನ ಸ್ಥಾನದಲ್ಲಿ ಎರಡನೆಯ ವಿಭಾಗದ ಹೊಸ ಗುರುತನ್ನು ಬರೆಯಿರಿ. ಈ ಕಡತದ ಪಠ್ಯವೆಲ್ಲ ಒಂದೇ ಸಾಲಿನಲ್ಲಿ ಇರಬೇಕು. ನಡುವೆ ಸಾಲು ಮುರಿಯಬಾರದು.

(ಇ) ‘ಎಫ್‌ಎಸ್‌ಟ್ಯಾಬ್’ ಕಡತದಲ್ಲಿ ಎರಡೂ ವಿಭಾಗಗಳ ಗುರುತುಗಳನ್ನು ಅದೇ ರೀತಿ ತಿದ್ದಿರಿ.

(ಈ) ಕಾರ್ಡನ್ನು ಸುರಕ್ಷಿತವಾಗಿ ಬೇರ್ಪಡಿಸಿ, ಗಣಕಕ್ಕೆ ಹಾಕಿ ಆರಂಭಿಸಿ.

ಮೂಲ ವಿಭಾಗವನ್ನು ಮಾತ್ರ ಮರಳಿಸಿ ಮೊದಲ ವಿಭಾಗವನ್ನು ಹೊಸದಾಗಿಯೇ ಉಳಿಸಿದ್ದರೆ ಕರ್ನೆಲ್ ಮತ್ತು ಅದರ ಚಾಲಕಗಳ ಆವೃತ್ತಿಗಳು ಹೊಂದಿಕೆಯಾಗುವುದಿಲ್ಲ. ಆಗ ಗಣಕ ಆರಂಭವಾದರೂ ನಿಸ್ತಂತು ಜಾಲದಂತಹ ಸೌಲಭ್ಯಗಳು ಕೆಲಸ ಮಾಡದಿರಬಹುದು. ಎರಡೂ ವಿಭಾಗಗಳನ್ನು ಒಂದೇ ಪ್ರತಿಯಿಂದ ಮರಳಿಸುವುದು ಉತ್ತಮ.

ಎರಡು ವಿಶೇಷ ಸಂದರ್ಭಗಳು

ಪ್ರತಿಬಿಂಬದಿಂದ ತಯಾರಾದ ಹೊಸ ಕಾರ್ಡು ಮತ್ತು ಹಳೆಯ ಕಾರ್ಡು ಎರಡಕ್ಕೂ ಒಂದೇ ಗುರುತು ಇರುತ್ತದೆ. ಎರಡನ್ನೂ ಏಕಕಾಲದಲ್ಲಿ ಒಂದೇ ಗಣಕಕ್ಕೆ ಸೇರಿಸಿದರೆ ಯಾವುದು ಜೋಡಣೆಯಾಗುತ್ತದೆಂಬುದು ಖಚಿತವಿಲ್ಲ. ಹೊಸ ಕಾರ್ಡಿನಲ್ಲಿ ಬರೆಯುತ್ತಿದ್ದೇವೆಂದು ಭಾವಿಸಿ ಹಳೆಯದನ್ನೇ ತಿದ್ದುವ ಅಪಾಯವಿದೆ. ಒಂದು ಬಾರಿಗೆ ಒಂದೇ ಕಾರ್ಡನ್ನು ಬಳಸುವುದು ಸುರಕ್ಷಿತ ಮಾರ್ಗ.

ಗಣಕಕ್ಕೆ ಹೆಚ್ಚುವರಿ ಕಾರ್ಡನ್ನೋ ಪೆನ್ ಡ್ರೈವನ್ನೋ ಜೋಡಿಸಿ ಅದನ್ನು ‘ಎಫ್‌ಎಸ್‌ಟ್ಯಾಬ್’ ಕಡತದಲ್ಲಿ ನಮೂದಿಸಿದ್ದವರು ಇನ್ನೊಂದು ವಿಷಯ ಗಮನಿಸಬೇಕು. ಆ ಸಾಧನ ಈಗ ಇಲ್ಲದಿದ್ದರೂ ವ್ಯವಸ್ಥೆಯು ಅದಕ್ಕಾಗಿ ಕಾಯುತ್ತದೆ ಹಾಗೂ ತುರ್ತುಸ್ಥಿತಿಗೆ ಹೋಗುತ್ತದೆ. ಅಂತಹ ಸಾಲಿನ ಆಯ್ಕೆಗಳಲ್ಲಿ ‘ನೊಫೇಲ್’ ಎಂಬ ಪದವನ್ನು ಸೇರಿಸಿದರೆ, ಸಾಧನ ಇರಲಿ ಇಲ್ಲದಿರಲಿ, ಗಣಕ ಆರಂಭವಾಗುತ್ತದೆ.

ಮುಂಜಾಗ್ರತೆ

ಗಣಕವನ್ನು ಕ್ರಮಬದ್ಧವಾಗಿ ನಿಲ್ಲಿಸಿದ ನಂತರವೇ ಪ್ರತಿ ತೆಗೆಯಬೇಕು. ಪ್ರತಿಯ ಜೊತೆಯಲ್ಲಿ ದಿನಾಂಕ, ವ್ಯವಸ್ಥೆಯ ಆವೃತ್ತಿ, ಕಾರ್ಡಿನ ಗಾತ್ರ ಹಾಗೂ ಗುರುತುಸಂಖ್ಯೆಯನ್ನು ಬರೆದಿಡಬೇಕು. ಮುಖ್ಯ ದಾಖಲೆಗಳನ್ನು ಇಡೀ ಕಾರ್ಡಿನ ಪ್ರತಿಯಲ್ಲಲ್ಲದೆ ಬೇರೆಡೆಯೂ ಸಾಧಾರಣ ಕಡತಗಳಾಗಿ ಉಳಿಸಿಕೊಳ್ಳುವುದು ಒಳ್ಳೆಯದು. ಎಲ್ಲಕ್ಕಿಂತ ಮುಖ್ಯವಾಗಿ, ಹಳೆಯ ಕಾರ್ಡು ಇನ್ನೂ ಕೆಲಸ ಮಾಡುತ್ತಿರುವಾಗಲೇ ಪ್ರತಿಯನ್ನು ಮತ್ತೊಂದು ಕಾರ್ಡಿಗೆ ಒಮ್ಮೆ ಮರಳಿಸಿ ಪರೀಕ್ಷಿಸಬೇಕು. ಮರಳಿಸಿ ನೋಡದ ಪ್ರತಿಯ ಮೇಲೆ ಪೂರ್ಣ ಭರವಸೆ ಇಡುವಂತಿಲ್ಲ.